ಅಮ್ಮ ಹೇಳಿದ ‘ರೈಟ್’

ನವೆಂಬರ್ ೮, ಭಾನುವಾರ
ಮಧ್ಯಾಹ್ನ, ಎಲ್ಲರ ಊಟ ಮುಗಿದ ಮೇಲೆ

ಮಾತು ಬಿಟ್ಟಿರುವ ನನ್ನ ಅಕ್ಕನಿಗೆ,

ಮಾತು ಬಿಡಲಾರದ ತಂಗಿಯ ನಮಸ್ಕಾರ. ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಅಂತ ಶುರು ಮಾಡುವುದು ಪದ್ಧತಿ. ಆದರೆ ಅಮ್ಮ ಕ್ಷೇಮವಾಗಿಲ್ಲ. ಅವಳನ್ನು ಬಿಟ್ಟು ನನ್ನೊಬ್ಬಳ ಕ್ಷೇಮ ಕಟ್ಟಿಕೊಂಡು ನಿನಗೇನಾಗಬೇಕು ಹೇಳು. ನೀನು ನನ್ನ ಫೋನ್ ಎತ್ತುತ್ತಿಲ್ಲ. ಮೊದಮೊದಲು ಸಿಗ್ನಲ್ ಇಲ್ಲವೇನೋ ಅಂದುಕೊಂಡೆ. ಆಮೇಲೆ ಇಲ್ಲಿನ ಆಯಾಳ ಫೋನಿನಿಂದ ಮಾಡಿ ನೋಡಿದೆ. ಎರಡೇ ರಿಂಗಿಗೆ ನೀನು ಎತ್ತಿದೆ, ಅಕ್ಕಾ ಅಂದ ತಕ್ಷಣ ನೀನು ಕಟ್ ಮಾಡಿದೆ. ಅಲ್ಲಿಗೆ ಸಿಗ್ನಲ್ ಚೆನ್ನಾಗಿಯೇ ಇದೆ ಅಂತ ಗೊತ್ತಾಯಿತು. ಅದಕ್ಕೇ ಈ ಕಾಗದ. ಆಯಾ ನಿನ್ನ ಅಂಗಡಿಯ ಹಿಂದಿನ ಬೀದಿಯವಳೇ, ಮನೆಗೆ ಹೋಗುವಾಗ ತಂದು ನಿನ್ನ ಹೊಲಿಗೆ ಮಿಷನ್ನಿನ ಮೇಲೆ ಇಡುತ್ತಾಳೆ. ಹರಿಯುವುದಾದರೆ ಪೂರ್ತಿ ಓದಿ ಆಮೇಲೆ ಹರಿ. ಅರ್ಧ ಓದಿ ಬಿಡಬೇಡ, ನಿನ್ನ ಅಭ್ಯಾಸ ನನಗೆ ಗೊತ್ತು.

ಮೊದಲು ವಿಷಯ ಹೇಳಿಬಿಡುತ್ತೇನೆ. ಬರುವ ಗುರುವಾರ ನಮ್ಮ ವೃದ್ಧಾಶ್ರಮದಲ್ಲಿ ಎಲ್ಲರನ್ನೂ ಇನ್ನೊಂದು ಸಲ ಕೇಳುತ್ತಾರೆ, ಮನೆಯವರು ಬಂದು ನೋಡುವುದಕ್ಕೆ ಬಾಗಿಲು ತೆಗೆಯಬೇಕೋ, ಈಗಿನ ಹಾಗೆ ಮುಚ್ಚಿಯೇ ಇರಬೇಕೋ ಅಂತ. ಮರೆವಿನ ಕಾಯಿಲೆ ಇರುವವರನ್ನು ಕೇಳುವಾಗ ಮನೆಯವರೊಬ್ಬರು ಪಕ್ಕದಲ್ಲಿ ಇರಬಹುದು ಅಂತ ಈ ಸಲ ಹೊಸದಾಗಿ ಬರೆದಿದ್ದಾರೆ. ಗೌನು, ಮಾಸ್ಕು, ಕೈಗವಸು ಎಲ್ಲ ಇಲ್ಲೇ ಕೊಡುತ್ತೇವೆ. ಅಮ್ಮನನ್ನು ಈ ಸಲ ನಾನು ಕೇಳುವುದಿಲ್ಲ. ನೀನು ಬಂದು ಕೇಳಬೇಕು. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಹಾಳೆ ತೆಗೆದುಕೊಂಡು ಕೂತಿದ್ದೇನೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದೆ ಎರಡು ಹಾಳೆ ಆಗಲೇ ಬುಟ್ಟಿ ಸೇರಿವೆ.

ಅಮ್ಮನ ತೂಕ ಮೂವತ್ತೆಂಟು ಕೆಜಿಗೆ ಇಳಿದಿದೆ. ಮಾರ್ಚಿನಲ್ಲಿ ನಲವತ್ತೊಂಬತ್ತಿತ್ತು. ಮಂಗಳವಾರ ಬರುವ ಡಾಕ್ಟರು ಎದೆ ನೋಡಿದರು, ರಕ್ತ ನೋಡಿದರು, ಎಲ್ಲ ಸರಿಯಿದೆ ಅಂದರು. ಸರಿಯಿದ್ದ ಮೇಲೆ ಯಾಕೆ ಹೀಗಾಗುತ್ತಿದ್ದಾಳೆ ಅಂದೆ. ಅವರು ಕನ್ನಡಕ ಒರೆಸಿಕೊಂಡು, ಇದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ, ಜನ ಬೇಕು, ಬೇಗ ಬೇಕು ಅಂದರು. ಜನ ನಾನಿದ್ದೇನಲ್ಲ ಅಂತ ಬಾಯಿ ತುದಿಗೆ ಬಂದಿತ್ತು. ಅಮ್ಮ ನನ್ನನ್ನು ಸಿಸ್ಟರ್ ಅಂತ ಕರೆಯುತ್ತಾಳೆ ಅಕ್ಕ. ಮಾಸ್ಕು ಹಾಕಿದ ಮೇಲೆ ನಾವು ನರ್ಸುಗಳೆಲ್ಲ ಒಂದೇ ಅವಳಿಗೆ. ಹೆತ್ತ ಮಗಳು ಚಮಚ ಹಿಡಿದು ನಿಂತರೆ ಸಿಸ್ಟರ್, ಇಳಿಯುವವರು ಎಷ್ಟು ಜನ ಅಂತ ಕೇಳುತ್ತಾಳೆ. ನಾನು ಅವಳಿಗೆ ಸಿಸ್ಟರ್ ಆದರೆ ಅವಳು ನಿನಗೂ ಅಕ್ಕನೇ ಆಗಬೇಕು, ನೋಡು, ಲೆಕ್ಕ ಹಾಕು. ನಗು ಬರುತ್ತದೆ, ನಕ್ಕ ಮೇಲೆ ಅಳು ಬರುತ್ತದೆ, ಅತ್ತರೆ ಮಾಸ್ಕು ಒದ್ದೆಯಾಗುತ್ತದೆ, ಬದಲಾಯಿಸಬೇಕು.

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು, ಊರೇ ಮರೆತರೂ ಬಸ್ಸು ಮರೆತಿಲ್ಲ. ಊಟದ ಹಾಲಿನಲ್ಲಿ ಆರಾರು ಅಡಿ ದೂರ ಕುರ್ಚಿ ಹಾಕಿದರೆ ಎದ್ದು ನಿಂತು, ಒಳಗೆ ಜಾಗ ಇದೆ, ಮುಂದೆ ನಡೀರಿ ಅಂತ ಎಲ್ಲರನ್ನೂ ಒತ್ತೊತ್ತಿ ಕೂರಿಸುತ್ತಾಳೆ. ಮ್ಯಾನೇಜರು ಟೇಪು ಹಿಡಿದು ಅಳೆದು ಹಾಕಿದ್ದನ್ನು ಅಮ್ಮ ಎರಡು ನಿಮಿಷದಲ್ಲಿ ಕೆಡಿಸುತ್ತಾಳೆ. ಆಮೇಲೆ ಬೆರಳು ಚಾಚಿ ತಲೆ ಎಣಿಸುತ್ತಾಳೆ. ಎಣಿಸಿ ಮುಗಿಸಿ ಪ್ರತಿ ಸಲವೂ ಒಂದೇ ಮಾತು, ಒಂದು ತಲೆ ಕಮ್ಮಿ ಇದೆ ಅಂತ. ಕಮ್ಮಿ ಇಲ್ಲಮ್ಮ, ಸರಿಯಾಗಿದೆ ಅಂದರೆ ಕೇಳುವುದಿಲ್ಲ. ಮತ್ತೆ ಮೊದಲಿಂದ ಎಣಿಸುತ್ತಾಳೆ. ತಟ್ಟೆ ತಣ್ಣಗಾಗುತ್ತದೆ. ಇಲ್ಲಿಯವರೆಲ್ಲ ಅದನ್ನು ಮರೆವಿನ ಕಾಟ ಅಂದುಕೊಂಡು ಸುಮ್ಮನಾದರು.

ಈಗ ಮೇ ತಿಂಗಳಿಗೆ ಬರುತ್ತೇನೆ. ಆ ಫಾರಂ ವಿಷಯಕ್ಕೆ. ಗೇಟಿನಲ್ಲಿ ನಿನಗೆ ಅರ್ಧಂಬರ್ಧ ಹೇಳಿದ್ದೆ, ಅದೂ ಜಗಳದಲ್ಲಿ.

ಮೊದಲ ಎರಡು ತಿಂಗಳು ಮೇಲಿನ ಆದೇಶ, ಬಾಗಿಲು ಮುಚ್ಚಿ ಅಂದರು, ಮುಚ್ಚಿದೆವು, ಯಾರ ತಪ್ಪೂ ಇಲ್ಲ. ಮೇ ಕೊನೆಯಲ್ಲಿ ಇನ್ನೊಂದು ಸುತ್ತೋಲೆ ಬಂತು. ಇನ್ನು ಮುಂದೆ ಅಲ್ಲಿರುವ ಹಿರಿಯರನ್ನೇ ಕೇಳಿ ತೀರ್ಮಾನ ಮಾಡಿ, ಯಾರು ಬರಬೇಕು ಯಾರು ಬೇಡ ಅನ್ನುವುದು ಅವರ ಹಕ್ಕು, ಅವರ ಸುರಕ್ಷತೆ ಮಾತ್ರ ನಿಮ್ಮ ಹೊಣೆ ಅಂತ. ಮ್ಯಾನೇಜರು ಅದನ್ನು ಮೂರು ಸಲ ಓದಿ ತಲೆ ಮೇಲೆ ಕೈಹೊತ್ತು ಕೂತರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತಾರೆ, ಕೋಲು ಮಾತ್ರ ನಮ್ಮ ಕೈಗೆ ಕೊಟ್ಟಿದ್ದಾರೆ ಅಂದರು. ಕೊನೆಗೆ ಒಂದೇ ಪ್ರಶ್ನೆಯ ಫಾರಂ ಮಾಡಿದರು. ಕಾಯಿಲೆ ಕಡಿಮೆಯಾಗುವ ತನಕ ಹೊರಗಿನವರಿಗೆ ಬಾಗಿಲು ಮುಚ್ಚಿರಲಿ ಎಂಬುದಕ್ಕೆ ತಮ್ಮ ಒಪ್ಪಿಗೆ ಇದೆಯೇ. ಹೌದು, ಇಲ್ಲ. ಹೆಚ್ಚು ಯಾವುದು ಬರುತ್ತದೋ ಅದು.

ಇಪ್ಪತ್ತೊಂದು ಜನರಲ್ಲಿ ಮಾತಾಡಬಲ್ಲವರು ಹದಿನೇಳು. ಹಿರಿಯ ನರ್ಸು ಅಂತ ಕೇಳುವ ಕೆಲಸ ನನ್ನ ತಲೆಗೇ ಬಂತು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅನ್ನುತ್ತಾರಲ್ಲ, ನನ್ನದು ಜಾರಿ ಬೂದಿಗೆ ಬಿತ್ತು. ಒಬ್ಬೊಬ್ಬರದೂ ಒಂದೊಂದು ರಾಗ. ನಿನಗೆ ನೆನಪಿರಬಹುದು, ಮುಂದಿನ ಕೋಣೆಯ ಮೇಷ್ಟ್ರು, ಬೆಳಿಗ್ಗೆ ತಾವೇ ಮೂಲೆಯಂಗಡಿಗೆ ಹೋಗಿ ಪೇಪರು ತರುತ್ತಿದ್ದವರು. ಆಯುಷ್ಯ ನನ್ನದು, ಬೀಗ ನಿಮ್ಮದಾ ಅಂತ ಕೇಳಿದರು. ನನಗೆ ಎಂಬತ್ನಾಲ್ಕು, ಇನ್ನು ನಾಲ್ಕು ವರ್ಷ ಹೆಚ್ಚಿಗೆ ಬದುಕಿ ಗೋಡೆ ನೋಡುವುದಕ್ಕಿಂತ ನಾಲ್ಕು ತಿಂಗಳು ಮೊಮ್ಮಗಳ ಮುಖ ನೋಡುತ್ತೇನೆ, ಬರೆದುಕೋ ಅಂದರು. ಬರೆದುಕೊಂಡೆ, ಇಲ್ಲ. ಪಕ್ಕದ ಕೋಣೆಯ ಹಾಡಿನಜ್ಜಿ ನನ್ನ ಕೈ ಹಿಡಿದುಕೊಂಡು, ಯಾರನ್ನೂ ಬಿಡಬೇಡ ತಾಯಿ, ನನಗೆ ಉಸಿರು ಕಟ್ಟಿ ಸಾಯುವುದು ಅಂದರೆ ಭಯ ಅಂದರು. ಬರೆದುಕೊಂಡೆ, ಹೌದು. ಇಬ್ಬರು ಹೇಳಿದ್ದೂ ಸರಿ ಅನ್ನಿಸಿತು. ಇಬ್ಬರು ಹೇಳಿದ್ದೂ ಸರಿಯಾದರೆ ನಾನು ಏನು ಮಾಡಬೇಕು? ಸಂಜೆ ಹೊತ್ತಿಗೆ ಹದಿನಾರು ಜನ ಆದರು. ಎಂಟು ಹೌದು, ಎಂಟು ಇಲ್ಲ. ಉಳಿದದ್ದು ಅಮ್ಮ.

ಮ್ಯಾನೇಜರಿಗೆ ಹೇಳಿದೆ, ಇದನ್ನು ಬೇರೆ ಯಾರಾದರೂ ಕೇಳಲಿ, ನಾನು ಮಗಳು ಅಂತ. ಅವರು, ನಿಮ್ಮ ಅಮ್ಮನ ಭಾಷೆ ನಿಮಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತದೆ, ನೀವೇ ಕೇಳಿ ಅಂದರು. ಮಾತು ನ್ಯಾಯವಾಗಿಯೇ ಇತ್ತು. ಹೋದೆ. ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು, ಹೆಗಲಿಗೆ ಟಿಕೆಟ್ ಹಣದ ಆ ಹಳೇ ಚರ್ಮದ ಚೀಲ. ಮಾಸ್ಕು ಇಳಿಸಿ ಮುಖ ತೋರಿಸಿ ಕೇಳಿದೆ, ಅಮ್ಮಾ, ಬಾಗಿಲು ಹಾಕಿರಲಾ ಅಂತ. ಅವಳು ಬಾಗಿಲ ಕಡೆ ನೋಡಿದಳು. ಮಂಚದ ಕಂಬಿಯನ್ನು ಅಂಗೈಯಿಂದ ಪಟಪಟ ತಟ್ಟಿದಳು. ರೈಟ್ ಅಂದಳು.

ನಾನು ಹೌದು ಅಂತ ಗುರುತು ಹಾಕಿದೆ. ಒಂಬತ್ತು, ಎಂಟು. ಬಾಗಿಲು ಮುಚ್ಚಿತು. ಅಮ್ಮನ ಒಂದು ಮಾತಿನ ಮೇಲೆ, ನನ್ನ ಒಂದು ಗೀಟಿನ ಮೇಲೆ.

ಜೂನಿನ ಮೊದಲ ಭಾನುವಾರ ನೀನು ಬಾಳೆಹಣ್ಣು, ಹೊಸದಾಗಿ ಹೊಲಿದ ನೈಟಿ ಹಿಡಿದುಕೊಂಡು ಬಂದೆ. ಕಾವಲುಗಾರ ಬಿಡಲಿಲ್ಲ. ನಾನು ಇಳಿದು ಬಂದು ಗೇಟಿನ ಒಳಗೆ ಆರಡಿ ದೂರ ನಿಂತೆ. ಅಮ್ಮನೇ ಒಪ್ಪಿದ್ದಾಳೆ ಅಂದೆ. ಅಮ್ಮ ಏನಂದಳು, ಅವಳ ಬಾಯಿಂದ ಬಂದ ಮಾತು ಹೇಳು ಅಂತ ನೀನು ಪಟ್ಟು ಹಿಡಿದೆ. ರೈಟ್ ಅಂದಳು ಅಂತ ಹೇಳಿದೆ. ಆಗ ನೀನು ನಕ್ಕೆಯಲ್ಲ, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಕಂಡಕ್ಟರ್ ಬಾಯಲ್ಲಿ ರೈಟ್ ಅಂದರೆ ಒಪ್ಪಿಗೆ ಏನೇ ಪೆದ್ದಿ, ಹೊರಡು ಅಂತ ಅರ್ಥ, ಇಲ್ಲಿಂದ ಕರಕೊಂಡು ಹೋಗು ಅಂತ ಕೇಳಿದ್ದಾಳೆ ಅವಳು ಅಂದೆ ನೀನು. ನಾನೂ ಬಿಡಲಿಲ್ಲ. ಬಾಗಿಲು ಹಾಕದೆ ರೈಟ್ ಹೇಳುವ ಕಂಡಕ್ಟರ್ ಎಲ್ಲಾದರೂ ಉಂಟಾ, ಅಮ್ಮನೇ ನಮಗೆ ಸಾವಿರ ಸಲ ಹೇಳಿಲ್ಲವಾ, ಬಾಗಿಲು ಭದ್ರ ಆದ ಮೇಲೇ ರೈಟ್ ಅಂತ. ಅಂದಮೇಲೆ ರೈಟ್ ಅಂದರೆ ಬಾಗಿಲು ಹಾಕಿದೆ ಅಂತಲೇ ಅಲ್ಲವಾ ಅಂದೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಇಬ್ಬರು ನಡುವಯಸ್ಸಿನ ಹೆಂಗಸರು ರೈಟ್ ರೈಟ್ ಅಂತ ಕಿರುಚಾಡುತ್ತಿದ್ದರೆ ಯಾರಾದರೂ ನಿಲ್ಲುತ್ತಾರೆ.

ಕೊನೆಗೆ ನಾನು ಅಂದೆ, ಈ ಮನೆ ನನ್ನದಲ್ಲಕ್ಕ, ಇಪ್ಪತ್ತೊಂದು ಜನರದ್ದು. ಈ ಮಾತು ನಾನು ಮೊದಲೂ ಕೇಳಿದ್ದೇನೆ ಅಂತ ನೀನು ಮೆಲ್ಲಗೆ ಅಂದು, ಚೀಲವನ್ನು ಗೇಟಿಗೆ ತೂಗುಹಾಕಿ ಹೋದೆ. ಆವತ್ತಿನಿಂದ ನಿನ್ನ ಮಾತು ಬಂದ್.

ಎಲ್ಲಿ ಕೇಳಿದ್ದೆ ಅಂತ ನನಗೆ ಹೊಳೆದದ್ದು ಸಂಜೆ ನೈಟಿಯನ್ನು ಕ್ರಿಮಿನಾಶಕ ನೀರಿನಲ್ಲಿ ನೆನೆಸುವಾಗ. ನಿನಗೆ ಒಂಬತ್ತು, ನನಗೆ ಆರು. ಸ್ಕೂಲು ಬಿಟ್ಟ ಮೇಲೆ ಅಮ್ಮನ ಬಸ್ಸಿನಲ್ಲೇ ಮನೆಗೆ. ಆವತ್ತು ನೀನು ಯಾರ ಜೊತೆಗೋ ಹರಟೆ ಹೊಡೆಯುತ್ತಾ ಹಿಂದೆ ಉಳಿದೆ. ಬಸ್ಸು ಬಂತು, ನಾನು ಹತ್ತಿ ಕಿಟಕಿ ಪಕ್ಕ ಕೂತೆ. ನೀನು ಓಡಿ ಬರುತ್ತಿದ್ದೆ, ಚಪ್ಪಲಿ ಕಿತ್ತುಹೋಗಿತ್ತು, ಒಂದು ಕೈಯಲ್ಲಿ ಚಪ್ಪಲಿ. ಅಮ್ಮ ಮೆಟ್ಟಿಲ ಮೇಲೆ ನಿಂತು ನಿನ್ನನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಬಾಗಿಲು ಹಾಕಿ, ಬಸ್ಸಿನ ತಗಡಿಗೆ ಎರಡು ಸಲ ತಟ್ಟಿ, ರೈಟ್ ಅಂದುಬಿಟ್ಟಳು. ನೀನು ಮೂರು ಸ್ಟಾಪು ನಡೆದುಕೊಂಡು ಬಂದೆ. ಮನೆಯಲ್ಲಿ ನೀನು ರಂಪ ಮಾಡಿದಾಗ ಅಮ್ಮ ಹೇಳಿದ್ದು ಇದೇ. ಬಸ್ಸು ನನ್ನದಲ್ಲ, ಐವತ್ತು ಜನರದ್ದು. ಮಗಳು ಅಂತ ನಿಲ್ಲಿಸಿದರೆ ನಾಳೆ ಎಲ್ಲರ ಮಕ್ಕಳಿಗೂ ನಿಲ್ಲಿಸಬೇಕು ಅಂತ.

ಈ ಕಥೆಯನ್ನು ನೀನು ಯಾರ ಮನೆ ಮದುವೆಯಲ್ಲೂ ಹೇಳದೆ ಬಿಟ್ಟಿಲ್ಲ. ನಗಿಸುತ್ತಲೇ ಹೇಳುತ್ತಿದ್ದೆ. ಅಮ್ಮ ಅಲ್ಲಿಂದ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು, ಪ್ರತಿ ಸಲ. ನೀನು ಗಮನಿಸಿದ್ದೀಯೋ ಇಲ್ಲವೋ. ನಾನು ಗಮನಿಸಿದ್ದೆ, ಯಾಕೆಂದರೆ ನನಗೂ ಆ ಕಥೆಯಲ್ಲಿ ಒಂದು ಪಾಲಿತ್ತು, ಯಾರಾದರೂ ಅದನ್ನು ಕೇಳಿಬಿಡುತ್ತಾರೇನೋ ಅಂತ ಹೆದರಿಕೆ. ಕಿಟಕಿ ಪಕ್ಕ ಕೂತವಳು ನಾನು. ನೀನು ಓಡಿ ಬರುವುದು ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಅಮ್ಮಾ, ಅಕ್ಕ ಬರ್ತಿದ್ದಾಳೆ ಅಂತ ಒಂದು ಮಾತು ಕೂಗಬಹುದಿತ್ತು. ಕೂಗಲಿಲ್ಲ. ದಿನಾ ಕಿಟಕಿ ಸೀಟು ನಿನ್ನದೇ ಆಗಿತ್ತು ಅಕ್ಕ. ಆವತ್ತೊಂದು ದಿನ ನನ್ನದಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈಗ ನಾನೂ ಮುಟ್ಟಿಕೊಳ್ಳುತ್ತಿದ್ದೇನೆ ಅಂದುಕೋ. ಜಗಳ ಆಡಿದ ಮೇಲೂ ನೀನು ಪ್ರತಿ ಭಾನುವಾರ ಬಂದೆ. ಎದುರು ಬದಿಯ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಒಂದು ಗಂಟೆ ನಮ್ಮ ಕಿಟಕಿಗಳನ್ನು ನೋಡುತ್ತಿದ್ದೆ. ಯಾವ ಬಸ್ಸೂ ಹತ್ತುತ್ತಿರಲಿಲ್ಲ. ನಾನು ಬಟ್ಟೆ ಇಡುವ ಕೋಣೆಯಿಂದ ನೋಡುತ್ತಿದ್ದೆ. ಕೈ ಬೀಸಲಿಲ್ಲ. ಅಮ್ಮನ ಕೋಣೆ ಹಿಂದುಗಡೆ, ಅವಳ ಕಿಟಕಿಗೆ ಕಾಣುವುದು ನೀರಿನ ಟ್ಯಾಂಕು. ಗಾಲಿಕುರ್ಚಿಯಲ್ಲಿ ಐದು ನಿಮಿಷ ಮುಂದುಗಡೆಗೆ ತಂದಿದ್ದರೆ ನೀನು ಅವಳನ್ನು, ಅವಳು ನಿನ್ನನ್ನು ನೋಡಬಹುದಿತ್ತು. ಅದಕ್ಕೆ ಯಾವ ಆದೇಶವೂ ಅಡ್ಡ ಇರಲಿಲ್ಲ. ಆಮೇಲೆ ತರೋಣ, ಮುಂದಿನ ವಾರ ತರೋಣ, ಸುಮ್ಮನೆ ಯಾಕೆ ಆಸೆ ತೋರಿಸಿ ಅಳಿಸುವುದು ಅಂತ ನನಗೆ ನಾನೇ ಹೇಳಿಕೊಂಡೆ. ಈಗ ಬರೆಯುವಾಗ ಆ ನೆಪಗಳೆಲ್ಲ ತೀರಾ ಸಣ್ಣವಾಗಿ ಕಾಣುತ್ತಿವೆ.

ಇನ್ನು ಆಗಸ್ಟ್ ತಿಂಗಳು. ಅದನ್ನು ನೀನು ಬೇರೆಯವರಿಂದ ಕೇಳಿರುತ್ತೀಯ. ಆ ಫಾರಂ ಆಗಿ ಎರಡೂವರೆ ತಿಂಗಳಾದ ಮೇಲೆ ಕಾಯಿಲೆ ಒಳಗೆ ಬಂತು. ಹೊರಗಿನವರು ಯಾರೂ ಬಂದಿರಲಿಲ್ಲ. ಬಂದವರು ನಾವೇ. ನಾನೋ, ಆಯಾಳೋ, ಬಟ್ಟೆ ಒಗೆಯುವವನೋ, ಯಾರು ತಂದೆವೋ ಗೊತ್ತಿಲ್ಲ. ಪರೀಕ್ಷೆ ಮಾಡಿದಾಗ ಮೂವರಿಗೂ ಇತ್ತು, ಒಬ್ಬರಿಗೂ ಜ್ವರ ಇರಲಿಲ್ಲ. ಬೀಗ ಹಾಕಿದ್ದು ನಿಮಗೆ, ಒಳಗೆ ತಂದಿದ್ದು ನಾವು. ಇಬ್ಬರು ಹೋದರು. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಹಾಡಿನಜ್ಜಿ. ಬಾಗಿಲು ತೆಗೆಯಿರಿ ಅಂದವರೂ ಹೋದರು, ಮುಚ್ಚಿರಿ ಅಂದವರೂ ಹೋದರು. ಮೇಷ್ಟ್ರ ಮೊಮ್ಮಗಳಿಗೆ ಫೋನಿನ ಪರದೆಯಲ್ಲಿ ಅವರ ಮುಖ ತೋರಿಸಿದವಳು ನಾನೇ. ಆ ಹುಡುಗಿ, ತಾತನ ಕನ್ನಡಕ ಎಲ್ಲಿ, ಕನ್ನಡಕ ಹಾಕಿ ಅಂತ ಅಳುತ್ತಿತ್ತು. ಕನ್ನಡಕ ಸಿಗಲಿಲ್ಲ. ಆಮೇಲೆ ದಿಂಬಿನ ಕೆಳಗೆ ಸಿಕ್ಕಿತು, ಆಗ ಫೋನ್ ಇಟ್ಟಾಗಿತ್ತು.

ಈಗ ಹೇಳು, ಏನು ಅರ್ಥ ಮಾಡಿಕೊಳ್ಳಲಿ? ಬಾಗಿಲು ಮುಚ್ಚಿ ಎರಡು ಜೀವ ಹೋಯಿತು. ತೆಗೆದಿದ್ದರೆ ಇಪ್ಪತ್ತು ಹೋಗುತ್ತಿತ್ತೋ, ಇಲ್ಲಾ ಎರಡೇ ಹೋಗಿ ಮೇಷ್ಟ್ರು ಮೊಮ್ಮಗಳ ಮುಖ ನೋಡಿಯಾದರೂ ಹೋಗುತ್ತಿದ್ದರೋ. ಒಂದು ದಿನ ನಾನು ಮಾಡಿದ್ದು ಸರಿ ಅನ್ನಿಸುತ್ತದೆ, ಮರುದಿನ ಆಯಾ ಕಸ ಗುಡಿಸುವಾಗ ಏನೋ ಒಂದು ಮಾತಂದರೆ ಎಲ್ಲ ತಲೆಕೆಳಗಾಗುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿದೆ, ನುಂಗಲೂ ಆಗದು, ಉಗುಳಲೂ ಆಗದು. ಮ್ಯಾನೇಜರನ್ನು ಕೇಳಿದರೆ, ನಿಮಗೆ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು ಅನ್ನುತ್ತಾರೆ. ಅವರೂ ಸಣ್ಣಗಾಗಿದ್ದಾರೆ.

ಇಷ್ಟೆಲ್ಲ ಗೊಂದಲದಲ್ಲಿ ಒಂದು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತಿದೆ, ಅದನ್ನು ಹೇಳುವುದಕ್ಕೇ ನಾಚಿಕೆ. ಈ ಏಳು ತಿಂಗಳು ಅಮ್ಮ ನನ್ನೊಬ್ಬಳ ಪಾಲಾಗಿದ್ದಳು. ಅವಳ ತಲೆ ಬಾಚಿದವಳು ನಾನು, ಉಗುರು ತೆಗೆದವಳು ನಾನು, ಮಗ್ಗುಲು ಬದಲಿಸಿದವಳು ನಾನು. ನೀನು ವಾರಕ್ಕೊಮ್ಮೆ ಬಂದು ಒಂದು ತಮಾಷೆ ಹೇಳಿದರೆ ಅಮ್ಮನ ಮುಖ ಅರಳುತ್ತಿತ್ತು. ನಾನು ವಾರಪೂರ್ತಿ ಮಾಡಿದ್ದು ಆಗ ಲೆಕ್ಕಕ್ಕೇ ಬರುತ್ತಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಆ ಹೋಲಿಕೆ ನಿಂತಿತು. ಸುರಕ್ಷತೆ ಸುರಕ್ಷತೆ ಅಂತ ನಾನು ಹೇಳುವಾಗ ಅದರಲ್ಲಿ ಎಷ್ಟು ಪಾಲು ಕಾಯಿಲೆಯ ಭಯ, ಎಷ್ಟು ಪಾಲು ಇದು, ನನಗೇ ಬೇರ್ಪಡಿಸಲು ಬರುತ್ತಿಲ್ಲ. ಭಯ ಸುಳ್ಳಾಗಿರಲಿಲ್ಲ, ಅದನ್ನಂತೂ ನಂಬು. ನಿನ್ನ ಅಂಗಡಿಗೆ ದಿನಾ ನಲವತ್ತು ಜನ ಅಳತೆ ಕೊಡಲು ಬರುತ್ತಾರೆ, ಫಾರಂ ತುಂಬಿದ ವಾರ ನೀನು ಕೆಮ್ಮುತ್ತಲೂ ಇದ್ದೆ. ಹೆದರಿದ್ದೆ. ಆದರೆ ಹೆದರಿಕೆ ಒಂದೇ ಅಲ್ಲ.

ಅಮ್ಮ ಸಿಕ್ಕಿದಳಾ ಅಂದರೆ ಅದೂ ಇಲ್ಲ. ಇಡೀ ದಿನ ನನ್ನ ಕೈಯಲ್ಲೇ ಇರುತ್ತಾಳೆ, ನನ್ನನ್ನು ಸಿಸ್ಟರ್ ಅನ್ನುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ. ಮೊನ್ನೆ ಒಂದು ಚಮಚ ಗಂಜಿಗಾಗಿ ಅರ್ಧ ಗಂಟೆ ಬೇಡಿಕೊಂಡೆ. ಬಾಯಿ ತೆಗೆಯಲಿಲ್ಲ. ಕೊನೆಗೆ ನನ್ನ ಕೈ ತಟ್ಟಿ, ಸಿಸ್ಟರ್, ನೀವು ಮೊದಲು ಊಟ ಮಾಡಿ, ನನ್ನ ಡ್ಯೂಟಿ ಮುಗಿದಿಲ್ಲ ಅಂದಳು. ಅವಳ ಡ್ಯೂಟಿ ಯಾವಾಗ ಮುಗಿಯುತ್ತದೆ ಅಕ್ಕ?

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಾ. ನಿನ್ನ ಹೆಸರು ಕೊಟ್ಟಿದ್ದೇನೆ. ಮ್ಯಾನೇಜರು ಯಾಕೆ ನೀವೇ ಇದ್ದೀರಲ್ಲ ಅಂದರು, ನನಗೆ ಈ ಸಲ ಬೇಡ ಅಂದೆ, ಅವರು ಹೆಚ್ಚು ಕೆದಕಲಿಲ್ಲ. ಹಿಂದಿನ ದಿನ ಪರೀಕ್ಷೆ ಮಾಡಿಸಿಕೊಂಡು ಚೀಟಿ ತಾ. ಕೆಮ್ಮಿದ್ದರೆ ದಯವಿಟ್ಟು ಸುಳ್ಳು ಹೇಳಬೇಡ, ಇನ್ನೊಂದು ದಿನ ಮಾಡೋಣ. ನಿನ್ನ ಮೇಲೆ ಅನುಮಾನ ಅಂತಲ್ಲ, ಇಲ್ಲಿ ಇನ್ನೂ ಹತ್ತೊಂಬತ್ತು ಜನ ಇದ್ದಾರೆ. ನೋಡು, ಮತ್ತೆ ಅದೇ ಮಾತು ಬಂತು. ಆ ಮಾತು ತಪ್ಪಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅಮ್ಮ ಹೇಳಿದಾಗಲೂ ತಪ್ಪಾಗಿರಲಿಲ್ಲ. ಆದರೂ ಅವಳು ಯಾಕೆ ಪ್ರತಿ ಸಲ ನೀರು ಕುಡಿಯಲು ಎದ್ದು ಹೋಗುತ್ತಿದ್ದಳೋ.

ಅಮ್ಮನ ಹತ್ತಿರ ಕೂತು ನೀನೇ ಕೇಳು. ಅವಳು ಏನು ಹೇಳಿದರೂ ಹೇಳಿದ ಹಾಗೇ ಬರೆದುಕೋ, ಒಂದಕ್ಷರ ಬಿಡಬೇಡ. ನಿನಗೆ ಬೇಕಾದ ಉತ್ತರ ಬರದಿದ್ದರೆ ಅದನ್ನೂ ಬರೆದುಕೋ. ಬಾಗಿಲು ಮುಚ್ಚಿರಲಿ ಅಂತಲೇ ಅವಳು ಅಂದರೆ ನಾನು ಗೆದ್ದೆ ಅಂತ ಹೇಳುವುದಿಲ್ಲ, ಆಣೆ.

ಕಾಗದ ಉದ್ದವಾಯಿತು. ನಾಲ್ಕು ಗಂಟೆಯ ಮಾತ್ರೆಗಳ ಹೊತ್ತು. ಆಯಾ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, ಎಷ್ಟು ಬರೀತೀರಮ್ಮ, ಪರೀಕ್ಷೆನಾ ಅಂತ ಕೇಳುತ್ತಿದ್ದಾಳೆ.

ಕಿಟಕಿ ಪಕ್ಕ ಕೂತಿದ್ದ
ನಿನ್ನ ತಂಗಿ

ತಾ.ಕ.: ಆಯಾಳನ್ನು ಹತ್ತು ನಿಮಿಷ ಕೂರಿಸಿದ್ದೇನೆ, ಚಹಾ ಕುಡಿಯುತ್ತಿದ್ದಾಳೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿಯೂ ಇಲ್ಲ. ಅಮ್ಮ ರೈಟ್ ಅಂದದ್ದು ನಿಜ. ಅದಕ್ಕೂ ಮೊದಲು ಇನ್ನೊಂದು ಮಾತು ಹೇಳಿದ್ದಳು. ಅದನ್ನು ನಾನು ಫಾರಮ್ಮಿನಲ್ಲಿ ಬರೆಯಲಿಲ್ಲ, ಗೇಟಿನಲ್ಲಿ ನಿನಗೆ ಹೇಳಲಿಲ್ಲ, ಮ್ಯಾನೇಜರಿಗೂ ಹೇಳಿಲ್ಲ. ಬಾಗಿಲು ಹಾಕಿರಲಾ ಅಂತ ಕೇಳಿದಾಗ ಅವಳು ಬಾಗಿಲ ಕಡೆ ನೋಡಿ, ಮೊದಲು ಕಂಬಿಗೆ ಒಂದೇ ಒಂದು ಸಲ ತಟ್ಟಿದಳು. ಒಂದು ತಟ್ಟಿದರೆ ಬಸ್ಸು ನಿಲ್ಲಿಸು ಅಂತ, ನಿನಗೂ ಗೊತ್ತು, ನನಗೂ ಗೊತ್ತು. ಹೋಲ್ಡಾನ್ ಅಂದಳು. ಹೋಲ್ಡಾನ್, ದೊಡ್ಡವಳು ಇನ್ನೂ ಹತ್ತಿಲ್ಲ, ಅವಳು ಹತ್ತಲಿ, ಆಮೇಲೆ ಅಂತ ಪಟಪಟ ತಟ್ಟಿ ತೋರಿಸಿ, ರೈಟ್ ಅಂದಳು. ಅದಾದ ಮೇಲೆ ನಿನಗಾಗಿ ಕಾಯುತ್ತಾ ಕೂತಳು. ನಾನು ಬರೀ ಕೊನೆಯ ಮಾತು ಬರೆದುಕೊಂಡೆ. ಅವಳು ಎಣಿಸುವಾಗ ಕಮ್ಮಿ ಬರುವ ತಲೆ ಯಾರದ್ದು ಅಂತ ಆವತ್ತಿನಿಂದಲೂ ನನಗೆ ಗೊತ್ತಿತ್ತು.

ಈ ಕಾಗದ ಹರಿಯಬೇಡ. ಬರುವಾಗ ತಂದು ಮ್ಯಾನೇಜರಿಗೆ ಕೊಡು. ನನ್ನ ಕೆಲಸ ಹೋದರೆ ಹೋಗಲಿ. ಗುರುವಾರ ನಾನು ಗೇಟಿನಲ್ಲೇ ನಿಂತಿರುತ್ತೇನೆ. ಓಡಿ ಬರಬೇಡ ಅಕ್ಕ, ನಿಧಾನವಾಗಿ ಬಾ. ಬಸ್ಸು ನಿಂತಿದೆ.